ಹನ್ನೊಂದು ನಿಮಿಷದ ಮಿಕ್ಸಿ

ಬೆಳಗಿನ ಐದು ಗಂಟೆ ಎಂಟು ನಿಮಿಷ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ನಾಲ್ಕಾಗಿ ಮಡಚಿದ ಕಂಬಳಿಯ ಮೇಲೆ ಮಿಕ್ಸಿ ಕೂತಿದೆ. ಪಕ್ಕದಲ್ಲಿ ಮೂರು ಜಾರುಗಳು ಮುಚ್ಚಳ ಬಿಗಿದುಕೊಂಡು ನಿಂತಿವೆ. ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಮಾವು, ಅನಾನಸ್, ಬಾಳೆಹಣ್ಣಿನ ಹೋಳುಗಳು, ಅವುಗಳ ಮೇಲೆ ತಣ್ಣನೆಯ ಹಾಲು. ಸೊಸೆಯ ಕೈ ಸ್ವಿಚ್ಚಿನ ಮೇಲಿದೆ, ಕಣ್ಣು ಗೋಡೆ ಗಡಿಯಾರದ ಮೇಲೆ. ಅತ್ತೆ ಅಗಲ ಬಾಯಿಯ ಲಾಳಿಕೆ ಹಿಡಿದು ಯುದ್ಧಕ್ಕೆ ಹೊರಟವರಂತೆ ನಿಂತಿದ್ದಾರೆ.

“ಐದೂ ಹತ್ತು. ಹಾಕು!”

ಮಿಕ್ಸಿ ಗರ್ಜಿಸುತ್ತದೆ. ಒಂದು ಜಾರಿಗೆ ಮುಕ್ಕಾಲು ನಿಮಿಷ, ಬದಲಾಯಿಸಲು ಇಪ್ಪತ್ತು ಸೆಕೆಂಡು. ಸೊಸೆ ತಿರುವುತ್ತಾಳೆ, ಅತ್ತೆ ಬಾಟಲಿಗೆ ಸುರಿದು ಖಾಲಿ ಜಾರನ್ನು ಮತ್ತೆ ತುಂಬುತ್ತಾರೆ. ಒಂಬತ್ತು ಜಾರು, ಮೂವತ್ತಾರು ಬಾಟಲಿ. ಬೆಳಗಿನ ಪಾಳಿಯ ಮೂವತ್ತಾರು ಬಸ್ ಚಾಲಕರು ಮತ್ತು ನಿರ್ವಾಹಕರು ಒಂಬತ್ತು ಗಂಟೆಯ ಬಿಡುವಿನಲ್ಲಿ ಇದನ್ನು ಕುಡಿಯುತ್ತಾರೆ. ಡಿಪೋದಲ್ಲಿ ಸೊಸೆಗೆ ‘ಮಿಕ್ಸಿ ಅಕ್ಕ’ ಎಂದೇ ಹೆಸರು. ಅರ್ಧಕ್ಕರ್ಧ ಜನ ಅವಳ ಮುಖ ನೋಡಿಲ್ಲ.

ಐದು ವರ್ಷದ ಹಿಂದೆ ಇದು ಶುರುವಾದದ್ದು ಒಂದೇ ಬಾಟಲಿಯಿಂದ. ಚಾಲಕನಾದ ಗಂಡ ದಿನವೂ ಎಂಜಿನ್ನಿನ ಕಾವಿಗೆ ಬೆಂದು ಮನೆಗೆ ಬರುತ್ತಿದ್ದ. “ಸ್ಟೇರಿಂಗ್ ಹಿಡಿದು ಕೂತ್ರೆ ಒಲೆ ಮುಂದೆ ಕೂತ ಹಾಗೆ ಅಂತಿದ್ರು. ‘ನಾನು ದಿನಾ ಅಲ್ಲೇ ಇರ್ತೀನಲ್ಲ, ನನ್ನ ಯಾರೂ ಕೇಳಲಿಲ್ಲ’ ಅಂದೆ. ಆದ್ರೂ ಮಾಡ್ಕೊಟ್ಟೆ” ಎಂದು ಮಿಕ್ಸಿ ಅಕ್ಕ ನಗುತ್ತಾಳೆ. ಗಂಡನ ಬಾಟಲಿಗೆ ನಿರ್ವಾಹಕ ಬಾಯಿ ಹಾಕಿದ. ನಿರ್ವಾಹಕನ ಬಾಯಿಂದ ಸುದ್ದಿ ಡಿಪೋಗೆಲ್ಲ ಹಬ್ಬಿತು.

ಮೊದಲ ವಾರವೇ ಎಡವಟ್ಟು. ಹಸಿ ಅನಾನಸ್ಸಿಗೆ ಹಾಲು ಸೇರಿಸಿ ಕಳಿಸಿದಳು. ಅಡುಗೆಮನೆಯಲ್ಲಿ ಸಿಹಿಯಾಗಿದ್ದದ್ದು ಒಂಬತ್ತು ಗಂಟೆಗೆ ಕಹಿಯಾಗಿತ್ತು. “ಅಕ್ಕಾ, ನಮ್ಮ ಮೇಲೇನಾದ್ರೂ ಸಿಟ್ಟಿತ್ತಾ?” ಎಂದು ಒಬ್ಬ ಚಾಲಕ ಫೋನಿನಲ್ಲೇ ಕೇಳಿದ. ಪರಿಹಾರ ಕಂಡುಹಿಡಿದವರು ಅತ್ತೆ: ಹೋಳನ್ನು ಐದು ನಿಮಿಷ ಬೇಯಿಸಿ, ಆರಿಸಿ, ಆಮೇಲೆ ಫ್ರೀಜರಿಗೆ. ಅಂದಿನಿಂದ ಕಹಿಯ ಮಾತಿಲ್ಲ. ಐಸು, ಸಕ್ಕರೆ ಎರಡೂ ಹಾಕುವುದಿಲ್ಲ. ಐಸು ಕರಗಿದರೆ ನೀರು. ಹಣ್ಣು ಕರಗಿದರೂ ಹಣ್ಣೇ.

ಹಿಂದಿನ ಸಂಜೆಯೇ ತಿರುವಿಟ್ಟರೆ ಆಗದೇ? “ಬಾಳೆಹಣ್ಣು ಕಪ್ಪಾಗತ್ತೆ, ನೀರೊಂದು ಕಡೆ, ತಿರುಳೊಂದು ಕಡೆ. ಫ್ರೀಜರಲ್ಲಿಟ್ರೆ ಇಟ್ಟಿಗೆ. ಬೆಳಿಗ್ಗೆ ತಿರುವಿದ್ರೆ ಒಂಬತ್ತಕ್ಕೆ ಸರಿಯಾಗಿ ಹದ.”

ಬೆಳಿಗ್ಗೆ ಎಂದರೆ ಸದ್ದು. ಹಿಂದಿನ ಬಾಡಿಗೆ ಮನೆ ಬಿಟ್ಟದ್ದೇ ಈ ಸದ್ದಿಗೆ. ಇಲ್ಲಿ ಅವಳೊಂದು ಉಪಾಯ ಕಂಡುಕೊಂಡಳು. ಕಟ್ಟಡದ ನೀರಿನ ಪಂಪು ದಿನವೂ ಐದೂ ಹತ್ತಕ್ಕೆ ಶುರುವಾಗಿ, ಹನ್ನೊಂದು ನಿಮಿಷ ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಆ ಹನ್ನೊಂದು ನಿಮಿಷದೊಳಗೆ ಒಂಬತ್ತು ಜಾರು ಮುಗಿಸಿದರೆ ಯಾರಿಗೂ ತಿಳಿಯದು. ನಾಲ್ಕು ವರ್ಷ ಯಾರಿಗೂ ತಿಳಿಯಲಿಲ್ಲ.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರಿಗೆ ನಿದ್ದೆ ಹಾಳಾಗುತ್ತಿದ್ದದ್ದಂತೂ ನಿಜ. ‘ಪಂಪಿನ ಸದ್ದು ತಲೆಯ ಮೇಲೇ ಬಂದಂತಿದೆ’ ಎಂದು ಅವರು ಮನೆ ಮಾಲೀಕರಿಗೆ ಒಂದು ವರ್ಷದಲ್ಲಿ ಹದಿನಾಲ್ಕು ಪತ್ರ ಬರೆದರು. ಹದಿನೈದನೆಯದು ಬರುವ ಮೊದಲೇ ಮಾಲೀಕರು ಸೋತು, ಕಳೆದ ತಿಂಗಳು ಸದ್ದೇ ಇಲ್ಲದ ಹೊಸ ಪಂಪು ಹಾಕಿಸಿದರು.

ಮಿಕ್ಸಿ ಅಕ್ಕನಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಮರುದಿನ ಐದೂ ಹತ್ತಕ್ಕೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದಳು. ಪಂಪು ಅರಚಲಿಲ್ಲ. ಐದೂ ಇಪ್ಪತ್ತಾಯಿತು. ತೊಟ್ಟಿ ತುಂಬಿ ಹೊರಗೆ ಸುರಿಯುವ ಸದ್ದು ಕೇಳಿದಾಗ ಪಂಪು ಸದ್ದಿಲ್ಲದೇ ಓಡಿ ಮುಗಿದಿದೆ ಎಂದು ತಿಳಿಯಿತು. ಮೂವತ್ತಾರು ಬಾಟಲಿ ಬಾಯಿ ತೆರೆದು ಕೂತಿದ್ದವು. ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದಳು.

ಮೇಷ್ಟ್ರು ಮಾಲೀಕರಿಗೆ ಫೋನು ಮಾಡಿದರು: “ನಿಮ್ಮ ಹೊಸ ಪಂಪು ಹಳೇದಕ್ಕಿಂತ ಜೋರು ಕಣ್ರೀ!”

ಅದರ ಮರುದಿನ ಐದಕ್ಕೇ ಮಾಲೀಕರು ಪಂಪಿನವನನ್ನು ಕರೆದುಕೊಂಡು ಬಂದರು. ಮೇಷ್ಟ್ರೂ ಸೇರಿ ಮೂವರು ಬಗ್ಗಿ ಪಂಪಿಗೆ ಕಿವಿಯಿಟ್ಟರು. ಸರಿಯಾಗಿ ಆಗ ಸದ್ದು ಮೇಲಿಂದ ಬಂತು. ಪಂಪಿನವ ಪಂಪಿನ ಮೇಲೊಮ್ಮೆ ಕೈಯಿಟ್ಟು, ಆಕಾಶದತ್ತ ನೋಡಿದ. “ಸಾರ್, ಇದು ನಮ್ಮ ಕಂಪನಿದಲ್ಲ.”

ಕಿಟಕಿಯಿಂದ ಇದನ್ನೆಲ್ಲ ಕಂಡ ಮಿಕ್ಸಿ ಅಕ್ಕ ಮಿಕ್ಸಿ ನಿಲ್ಲಿಸಿದಳು. ದಾರಿ ತೋರಿದವರು ಮತ್ತೆ ಅತ್ತೆಯೇ. “ಅವರು ಮೆಟ್ಟಿಲು ಹತ್ತಿ ಬಂದ್ರೆ ಜಗಳ. ನಾವು ಇಳಿದು ಹೋದ್ರೆ ಮಾತುಕತೆ. ನಡಿ!”

ಸೊಸೆ ಮುಂದೆ, ಬಾಟಲಿ ಹಿಡಿದ ಅತ್ತೆ ಹಿಂದೆ. ಎಲ್ಲ ಕೇಳಿದ ಮಾಲೀಕರು ಎರಡೇ ಮಾತು ಹೇಳಿದರು: “ಮೇಷ್ಟ್ರು ಒಪ್ಪಿದ್ರೆ ಇರಿ. ಇಲ್ದಿದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ದಿನಾ ಎಷ್ಟು ಹೊತ್ತು?”

“ಹನ್ನೊಂದು ನಿಮಿಷ ಸಾರ್.”

“ಹನ್ನೆರಡಾದ್ರೆ?”

“ನಾಲ್ಕು ವರ್ಷದಲ್ಲಿ ಆಗಿಲ್ಲ ಸಾರ್.”

“ಅಂದ್ರೆ ನಾನು ಹದಿನಾಲ್ಕು ಪತ್ರ ಬರೆದದ್ದು ನಿನ್ನ ಮೇಲೆ!” ಎಂದರು ಮೇಷ್ಟ್ರು. ಅತ್ತೆ ಬಾಟಲಿ ಮುಂದೆ ಹಿಡಿದರು. ಅರ್ಧ ಕುಡಿದ ಮೇಲೆ ಮೇಷ್ಟ್ರ ತೀರ್ಪು ಬಂತು: ಐದೂ ಹತ್ತರಿಂದ ಐದೂ ಇಪ್ಪತ್ತೊಂದು. ಒಂದು ಸೆಕೆಂಡು ಹೆಚ್ಚಾದರೂ ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುವುದು. ಮೂರು ಸಲ ಕುಟ್ಟಿಸಿಕೊಂಡರೆ ಮನೆ ಖಾಲಿ.

ಹೀಗೆ ಇಪ್ಪತ್ತಮೂರು ದಿನ ಕಳೆದಿವೆ. ಈಗ ಒಂಬತ್ತನೇ ಜಾರು ನಿಲ್ಲುತ್ತದೆ. ಗಡಿಯಾರದಲ್ಲಿ ಐದೂ ಇಪ್ಪತ್ತು ಇನ್ನೂ ಆಗಿಲ್ಲ. ಗಂಡ ಬಾಟಲಿಗಳ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುತ್ತಾನೆ. ಮೇಷ್ಟ್ರ ಬಾಗಿಲಲ್ಲಿ ಒಂದು ಬಾಟಲಿ ಇಟ್ಟು ಹೋಗುತ್ತಾನೆ. ಅದು ಮೂವತ್ತೇಳನೆಯದು, ಅತ್ತೆ ಪ್ರತಿ ಜಾರಿನಿಂದ ಒಂದೊಂದು ಗುಟುಕು ಉಳಿಸಿ ತುಂಬಿಸಿದ್ದು.

ಪೊರಕೆ ಇದುವರೆಗೆ ಎಷ್ಟು ಸಲ ಸೂರಿಗೆ ತಾಗಿದೆ?

“ಒಂದ್ಸಲಾನೂ ಇಲ್ಲ” ಎನ್ನುತ್ತ ಮಿಕ್ಸಿ ಅಕ್ಕ ಮಿಕ್ಸಿಯ ಮೈ ಒರೆಸುತ್ತಾಳೆ. “ಪಾಪ, ದಿನಾ ಪೊರಕೆ ಹಿಡಿದು ಮಂಚದ ಮೇಲೆ ನಿಂತಿರ್ತಾರಂತೆ. ಅವರು ಕೊಟ್ಟಿದ್ದು ಹನ್ನೊಂದು ನಿಮಿಷ. ನನಗೆ ಹತ್ತು ಸಾಕು. ಮಿಕ್ಕಿದ್ದೊಂದು ನಿಮಿಷ ಮೇಷ್ಟ್ರು ಮಲಗಿಕೊಳ್ಳಲಿ.”