ಹುಡುಗನ ಓದಿಗೆಂದು ಹೋದ ವೀರಮ್ಮ

ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯ ಪುಟ್ಟಮಲ್ಲಪ್ಪನವರ ಮನೆಯಿಂದ ಮೈಸೂರಿಗೆ ಕಾಲೇಜು ಓದಲು ಹೋದ ಇಬ್ಬರು ಹುಡುಗರೂ ವರ್ಷ ತುಂಬುವುದರೊಳಗೆ ಹಾಸಿಗೆ ಸುತ್ತಿಕೊಂಡು ವಾಪಸು ಬಂದಿದ್ದರು. ದೊಡ್ಡವನು ಹಾಸ್ಟೆಲಿನ ಊಟ ಒಗ್ಗಲಿಲ್ಲ ಅಂದ. ಎರಡನೆಯವನು ಮಾರನೆಯ ದಿನವೇ ನೇಗಿಲು ಹಿಡಿದ. ಮೂರನೆಯವನು ರುದ್ರಸ್ವಾಮಿ ಹುಣಸೂರಿನಲ್ಲಿ ಹೈಸ್ಕೂಲು ಪಾಸು ಮಾಡಿದಾಗ ಪುಟ್ಟಮಲ್ಲಪ್ಪ ತೀರ್ಮಾನಕ್ಕೆ ಬಂದರು: ಮನೆ ಊಟ ಸಿಕ್ಕರೆ ಹುಡುಗ ನಿಲ್ಲುತ್ತಾನೆ. ಮೈಸೂರಿನಲ್ಲಿ ಸಣ್ಣದೊಂದು ಬಾಡಿಗೆ ಮನೆ ಹಿಡಿದು, ಸತ್ತ ತಮ್ಮನ ಹೆಂಡತಿ ವೀರಮ್ಮನನ್ನು ಅಡಿಗೆಗೆಂದು ಮಗನ ಜೊತೆ ಕಳಿಸಿದರು.

ವೀರಮ್ಮ ಹೋಗ್ತೀನಿ ಅನ್ನಲಿಲ್ಲ, ಹೋಗಲ್ಲ ಅನ್ನಲೂ ಇಲ್ಲ. ಗಂಡ ಶಿವನಂಜಪ್ಪ ಜ್ವರ ನೆತ್ತಿಗೇರಿ ತೀರಿಕೊಂಡ ದಿನ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. "ಕಲ್ಲು ಕಣವ್ವ ಅದು" ಅಂತ ನೆಂಟರು ಆಡಿಕೊಂಡದ್ದು ಕಿವಿಗೆ ಬಿತ್ತು. ಯಾರದೋ ಮನೆಯ ವಿಷಯ ಮಾತಾಡುತ್ತಿದ್ದಾರೆ ಅನ್ನಿಸಿತು.

ಮೈಸೂರಿನಲ್ಲೂ ದಿನ ಹಾಗೇ ಸರಿಯಿತು. ಅವಳು ಮುದ್ದೆ ತೊಳಸುವಳು, ಸಾರು ಕಾಯಿಸುವಳು. ರುದ್ರಸ್ವಾಮಿ ತಲೆ ಬಗ್ಗಿಸಿ ಉಂಡು ಹೋಗುವನು, ಬಂದು ಗೋಡೆ ನೋಡುತ್ತಾ ಕೂರುವನು. ಒಬ್ಬರನ್ನೊಬ್ಬರು ಏನೂ ಕೇಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ವೀರಮ್ಮ ನೀರು ತಂದು ನೋಡಿದರೆ ಹುಡುಗನೂ ಇಲ್ಲ, ಅವನ ಟ್ರಂಕೂ ಇಲ್ಲ. ಅವಳಿಗೆ ಗಾಬರಿಯೇನೂ ಆಗಲಿಲ್ಲ. ಒಲೆ ಆರಿಸಿದಳು, ಪಾತ್ರೆ ಬೋರಲು ಹಾಕಿದಳು, ಸೀರೆ ಗಂಟು ಕಟ್ಟಿಕೊಂಡು ಮನೆಗೆ ಬೀಗ ಜಡಿದು ಬಸ್ಸು ಹತ್ತಿದಳು. ಹುಡುಗನಿಲ್ಲದ ಮನೆಯಲ್ಲಿ ಅವಳಿಗೇನು ಕೆಲಸ?

ಹುಣಸೂರಿನಲ್ಲಿ ಬಸ್ಸು ನಿಂತಾಗ ರುದ್ರಸ್ವಾಮಿ ಕಂಡ. ಮರದಡಿ ಟ್ರಂಕಿನ ಮೇಲೆ ಕೂತಿದ್ದ. ವೀರಮ್ಮ ಇಳಿದು ಹೋಗಿ ಪಕ್ಕದಲ್ಲಿ ಕೂತಳು.

"ಪಿರಿಯಾಪಟ್ಣದ ಬಸ್ಸು ವೋಗ್ಬುಡ್ತಾ?"

"ವೋಯ್ತು. ಹತ್ತಾಕೆ ಕಾಲು ಬರ್ನಿಲ್ಲ ಚಿಕ್ಕವ್ವ." ಕೇಳದಿದ್ದರೂ ಅವನೇ ಅಂದ: "ಎಲ್ಲಾ ಇಂಗ್ಲಿಷ್ನಾಗೇ ಯೋಳ್ತಾರೆ. ಕ್ಲಾಸಲ್ಲಿ ಎಲ್ರೂ ನಗ್ತಾರೆ. ಯಾಕೆ ಅಂತ ಗೊತ್ತಾಗ್ದೆ ನಾನೂ ನಗ್ತೀನಿ. ನನ್ನ ಕರ್ಕೊಂಡೋಗಾಕೆ ಬಂದ್ಯಾ?"

"ಇಲ್ಲ ಕಣಪ್ಪ. ನಾನೂ ಊರ್ಗೇ ವೊಂಟಿದ್ದೆ. ನೀನಿಲ್ದ ಮ್ಯಾಲೆ ಅಲ್ಲಿ ನಂಗೇನೈತೆ?"

"ಊರಲ್ಲೇನೈತೆ?"

ವೀರಮ್ಮ ಯೋಚನೆ ಮಾಡಿದಳು. "ಅಲ್ಲೂ ಏನಿಲ್ಲ," ಅಂದಳು. ಮನೆಯಲ್ಲಿ ಮೊಸರಿಲ್ಲ ಅನ್ನುವ ಹಾಗೆ ಅಂದಳು.

ಹುಡುಗ ಅವಳ ಮುಖವನ್ನೇ ನೋಡಿದ. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ವೀರಮ್ಮ ಅವನ ಬೆನ್ನ ಮೇಲೆ ಕೈ ಇಟ್ಟಳು. ಅವನ ಅಳು ನಿಲ್ಲುವವರೆಗೂ ತೆಗೆಯಲಿಲ್ಲ.

ಮೈಸೂರಿನ ಬಸ್ಸು ಬಂದಾಗ "ಅಲ್ಲೂ ಇಲ್ಲೂ ಏನಿಲ್ದ ಮ್ಯಾಲೆ ಮೈಸೂರ್ಗೇ ವೋಗವ ನಡಿ ಚಿಕ್ಕವ್ವ" ಅಂತ ಅವನೇ ಎದ್ದು ಟ್ರಂಕು ಎತ್ತಿಕೊಂಡ. ಬಸ್ಸಿನಲ್ಲಿ ವೀರಮ್ಮ ಕೇಳಿದಳು, "ಅಂಗೆ ಗೊತ್ತಾಗ್ದೆ ನಗೋರು ಇನ್ಯಾರಾರ ಅವ್ರಾ?"

"ಅವ್ರೆ. ಕೆ.ಆರ್. ನಗರದೋನೊಬ್ಬ, ಎಚ್.ಡಿ. ಕೋಟೆ ಕಡೆಯೋರಿಬ್ರು."

"ಸಂಜೆ ಉಣ್ಣಾಕೆ ಕರ್ಕೊಂಡ್ಬಾ."

ಅವರು ಬಂದರು, ಬರುತ್ತಲೇ ಇದ್ದರು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ, ಬಿ.ಎ. ಕೊನೆಯ ವರ್ಷದ ಗಂಗಾಧರಪ್ಪನನ್ನೂ ವೀರಮ್ಮ ಊಟಕ್ಕೆ ಕೂರಿಸಿದಳು. ಉಂಡ ಮೇಲೆ ಅವನು ಆವತ್ತಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಆ ವರ್ಷ ಅವರಲ್ಲಿ ಯಾರೂ ಓದು ಬಿಟ್ಟು ಊರು ಸೇರಲಿಲ್ಲ. ರುದ್ರಸ್ವಾಮಿ ಇಂಗ್ಲಿಷಿನಲ್ಲಿ ಒಂದು ಸಲ ಡುಮ್ಕಿ ಹೊಡೆದ, ಸೆಪ್ಟೆಂಬರಿನಲ್ಲಿ ಕಟ್ಟಿ ಪಾಸಾದ, ಮುಂದೆ ಬಿ.ಎ.ಯನ್ನೂ ಮುಗಿಸಿದ. ಫಲಿತಾಂಶದ ದಿನ ಓಡಿ ಬಂದು ಚಿಕ್ಕವ್ವನ ಕಾಲು ಹಿಡಿದ. ಸಂತೋಷ ಈಗ ಬರಬಹುದು ಅಂತ ವೀರಮ್ಮ ಕಾದಳು. ಬರಲಿಲ್ಲ. ಹುಡುಗನ ಅಂಗೈ ಬಿಸಿಯಾಗಿದೆ ಅನ್ನುವುದಷ್ಟೇ ತಿಳಿಯಿತು.

ಆ ವಾರವೇ ಪುಟ್ಟಮಲ್ಲಪ್ಪ ಬಂದರು. "ನಿನ್ ಕೆಲ್ಸ ಮುಗೀತವ್ವ, ಊರ್ಗೆ ವೊಂಡು."

"ಕೋಟೆ ಹುಡುಗ್ರು ಡುಮ್ಕಿ ಹೊಡ್ದವ್ರೆ, ಅವ್ರದು ಇನ್ನೊಂದ್ ವರ್ಸ ಅದೆ ಭಾವ. ನಾನು ಬರಾಕಿಲ್ಲ."

ವೀರಮ್ಮ ಅವರಿಗೆ ಎದುರಾಡಿದ್ದು ಅದೇ ಮೊದಲು. "ಅವ್ರು ನಮ್ಗೇನಾಗ್ಬೇಕು?" ಅಂದರು ಪುಟ್ಟಮಲ್ಲಪ್ಪ.

"ಏನೂ ಆಗ್ಬೇಕಿಲ್ಲ."

ಪುಟ್ಟಮಲ್ಲಪ್ಪ ಹಗ್ಗದ ಮೇಲೆ ಒಣಗುತ್ತಿದ್ದ ಹುಡುಗರ ಅಂಗಿಗಳ ಕಡೆ ನೋಡಿದರು. ನೀರು ಕೇಳಿ ಕುಡಿದು, ಕೊಡೆ ತೆಗೆದುಕೊಂಡು ಒಬ್ಬರೇ ಹೊರಟರು. ಮನೆಯ ಬಾಡಿಗೆ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮುಂದಿನ ಮಳೆಗಾಲಕ್ಕೆ ಅಂತರಸಂತೆಯ ಕಡೆಯಿಂದ ಹೊಸಬನೊಬ್ಬ ಆ ಮನೆಗೆ ಸೇರಿದ. ಕಾಲೇಜಿಗೆ ಹೋಗಿ ಬಂದ ಮೊದಲ ದಿನ ಅವನು ಸರಿಯಾಗಿ ಉಣ್ಣಲಿಲ್ಲ. ವೀರಮ್ಮ ತಟ್ಟೆಯ ಎದುರಿಗೇ ಕೂತು ಕೇಳಿದಳು, "ಕ್ಲಾಸಲ್ಲಿ ಏನ್ ಯೋಳಿದ್ರು ಇವತ್ತು?"