ಚೇಂಬರಿನ ಕೆಳಗಿನ ಹಿಟ್ಟು

ಇವತ್ತು ಬೆಳಿಗ್ಗೆ ಬಾಗಿಲಿನ ತಿರುಗಣಿಗೆ ಮಷಿನ್ ಎಣ್ಣೆ ಹಾಕಿ, ಕೈ ಸರಿಯಾಗಿ ತೊಳೆಯದೆ ರೊಟ್ಟಿಗೆ ಹಿಟ್ಟು ನಾದಲು ಕೂತೆ. ಬಿಸಿ ಎಸರು ಬಿದ್ದ ಜೋಳದ ಹಿಟ್ಟಿನಿಂದ ಎಣ್ಣೆಯ ವಾಸನೆ ಎದ್ದಿತು. ಕೈ ಅಲ್ಲೇ ನಿಂತುಬಿಟ್ಟಿತು. ಎದ್ದು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಹಿಟ್ಟು ಪರಾತದಲ್ಲಿ ಒಣಗುತ್ತಿದೆ. ನಾನು ಓದಿದ್ದು ನಾಲ್ಕನೆಯ ತರಗತಿ, ಬರೆದು ರೂಢಿಯಿಲ್ಲ. ಆದರೂ ಅಣ್ಣನ ಬಗ್ಗೆ ಬರೆಯದೆ ಇವತ್ತು ರೊಟ್ಟಿ ಬಡಿಯಲಾರೆ ಅನಿಸುತ್ತಿದೆ...

ಅಣ್ಣ ಶಹಾಬಜಾರದ ಓಣಿಯ ತುದಿಯಲ್ಲಿ ಗ್ಯಾರೇಜ್ ಇಟ್ಟಿದ್ದ. ಹಳೇ ಕಾರುಗಳ ಕೆಲಸ ಅಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಐವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ದೊಡ್ಡದು ಮಸುಕಾಗಿ ಕಾಣುತ್ತಿತ್ತು, ಸಣ್ಣದು ಕಾಣುತ್ತಲೇ ಇರಲಿಲ್ಲ. ಉಳಿದದ್ದು ಬೆರಳು. ನಟ್ಟು ಮುಟ್ಟಿ ಅದರ ನಂಬರ್ ಹೇಳುತ್ತಿದ್ದ. ಆದರೂ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ನನ್ನ ಮನೆ ಎರಡು ಓಣಿ ಆಚೆ. ಮಧ್ಯಾಹ್ನದ ಕೆಲಸ ಮುಗಿಸಿ ಹೋಗಿ, ಅವನಿಗೆ ಕಾಣದ್ದನ್ನು ನೋಡಿ ಹೇಳುತ್ತಿದ್ದೆ.

ಆಗ ಕಮಲಾಪುರದಿಂದ ಒಬ್ಬ ಮಾಸ್ತರರು ಬಂದರು. ನೌಕರಿ ಮುಗಿದಿತ್ತು. ಅವರ ತಂದೆಯ ಕಾಲದ ಅಂಬಾಸಿಡರ್ ಕಾರಿನ ಎಂಜಿನ್ ಸತ್ತು ಹೋಗಿತ್ತು. ಒಂದು ವ್ಯಾನಿನ ಡೀಸೆಲ್ ಎಂಜಿನ್ ಕೊಂಡಿದ್ದರು, ಅದನ್ನು ಇದರಲ್ಲಿ ಕೂರಿಸಬೇಕಿತ್ತು. ಕುರುಡನ ಕೈಗೆ ಕೊಡಬೇಡಿ ಎಂದು ನಾಲ್ಕು ಜನ ಹೇಳಿದ್ದರಂತೆ. ಅವರು ಅಣ್ಣನ ಮುಂದೆಯೇ ಅದನ್ನು ಹೇಳಿ ನಕ್ಕರು. "ನಿನ್ನ ಕೈ ಅದಾವಲ್ಲ, ಸಾಕು ನನಗ." ಆ ಕಾರು ಓಡಿದರೆ ಗ್ಯಾರೇಜ್ ಉಳಿಯುತ್ತದೆ, ಓಡದಿದ್ದರೆ ಶಟರ್ ಎಳೆಯುವುದೇ. ಅದು ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎಂಜಿನ್ ಕೂತಿತು, ಆದರೆ ಚೇಂಬರ್ ಕೂರಲಿಲ್ಲ. ಎಂಜಿನ್ನಿನ ಹೊಟ್ಟೆಯ ಕೆಳಗೆ ಆಯಿಲ್ ನಿಲ್ಲುವ ತಗಡಿನ ತೊಟ್ಟಿಗೆ ಗ್ಯಾರೇಜಿನವರು ಚೇಂಬರ್ ಅನ್ನುತ್ತಾರೆ. ವ್ಯಾನಿನ ಚೇಂಬರಿಗೆ ಆಳ ಮುಂದಿನ ಭಾಗದಲ್ಲಿತ್ತು. ಅಂಬಾಸಿಡರಿನಲ್ಲಿ ಅದೇ ಜಾಗದಲ್ಲಿ ಮುಂದಿನ ಚಕ್ರಗಳ ನಡುವಿನ ಅಡ್ಡ ಕಬ್ಬಿಣ. ಆಳ ಹಿಂದಕ್ಕಿರುವ ಚೇಂಬರ್ ಬೇಕಿತ್ತು. ಅಣ್ಣ ಗುಜರಿಯಿಂದ ನಾಲ್ಕು ಆರಿಸಿ ತಂದ.

ಅಳೆಯುವುದಕ್ಕೆ ಅವನದೇ ಒಂದು ಪದ್ಧತಿ ಇತ್ತು. ನಾನು ಮನೆಯಿಂದ ಜೋಳದ ಹಿಟ್ಟು ನಾದಿಕೊಂಡು ಹೋಗಬೇಕು. ಅವನು ಅದರಿಂದ ಮೂರು ಉಂಡೆ ಮಾಡಿ, ಅಂಟದಂತೆ ಆಯಿಲ್ ಸವರಿ, ಅಡ್ಡ ಕಬ್ಬಿಣದ ಮೇಲೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಇಡುತ್ತಿದ್ದ. ಚೇಂಬರ್ ಬಿಗಿದ ಎಂಜಿನ್ನನ್ನು ಚೈನಿನಿಂದ ಅದರ ಮೇಲೆ ಇಳಿಸಿ, ಮತ್ತೆ ಎತ್ತುವುದು. ಉಂಡೆ ಎಷ್ಟು ದಪ್ಪ ಉಳಿಯಿತೋ ಅಷ್ಟು ಸಂದು.

"ಎಂಜಿನ್ ಸುಮ್ಮ ಕೂಡಂಗಿಲ್ಲ ತಂಗೆವ್ವ, ಕುಣೀತದ," ಅನ್ನುತ್ತಿದ್ದ. "ಕೆಳಗ ಒಂದು ಬೆರಳು ಜಾಗ ಇರ್ಬೇಕು."

ಎದುರಿನ ಪಂಕ್ಚರ್ ಅಂಗಡಿಯವನು ಚೇಷ್ಟೆ ಮಾಡುತ್ತಿದ್ದ. "ಕ್ಯಾ ಉಸ್ತಾದ, ಗಾಡಿಗಿ ಬರೇ ರೊಟ್ಟಿನೇ ಏನು? ಪಲ್ಯ ಇಲ್ಲೇನು?"

"ನಿನ್ನ ಮನೀಂದ ಕಳಿಸು," ಅನ್ನುತ್ತಿದ್ದ ಅಣ್ಣ.

ಮೂರು ಚೇಂಬರ್ ಹೊಂದಲಿಲ್ಲ. ನಾಲ್ಕನೆಯದನ್ನು ಇಳಿಸಿ ಎತ್ತಿದಾಗ ಸಂಜೆ ನಾಲ್ಕು ಗಂಟೆ. ಮರುದಿನ ತಾಜಸುಲ್ತಾನಪುರದಲ್ಲಿ ನನ್ನ ಚೊಚ್ಚಲ ಬಸುರಿ ಮಗಳ ಕುಬಸ. ಬಳೆ ತರುವುದಿತ್ತು, ಸೀರೆ ತರುವುದಿತ್ತು, ಬೀಗರು ಏನನ್ನುತ್ತಾರೋ ಎಂದು ಜೀವ ತುದಿಗಾಲಲ್ಲಿ ನಿಂತಿತ್ತು. ನಾನು ಕಾರಿನ ಕೆಳಗೆ ತೂರಿ ಉಂಡೆ ತೆಗೆದೆ. ಎಡದ್ದು ದಪ್ಪ, ಬಲದ್ದು ದಪ್ಪ. ನಡುವಿನದು ರೊಟ್ಟಿಯ ಅಂಚಿನಷ್ಟು ತೆಳ್ಳಗೆ ಕೂತಿತ್ತು.

ಇದನ್ನು ಹೇಳಿದರೆ ಅಣ್ಣ ಮತ್ತೊಂದು ಚೇಂಬರ್ ಹುಡುಕುತ್ತಾನೆ, ನಾಳೆ ಮತ್ತೆ ಬಾ ಅನ್ನುತ್ತಾನೆ... ಅಲ್ಲೇ, ಕಾರಿನ ಕೆಳಗೆ, ಆ ತೆಳ್ಳನೆಯ ಹಿಟ್ಟನ್ನು ಮೂರು ಮಡಿಕೆ ಮಡಚಿದೆ. ಅಂಚು ಒತ್ತಿದೆ. ಹೊರಗೆ ಬಂದು ಅವನ ಕೈಯಲ್ಲಿಟ್ಟೆ.

ಅಣ್ಣ ಎರಡು ಬೆರಳ ನಡುವೆ ಹಿಡಿದು ಹೊರಳಿಸಿದ. ಸ್ವಲ್ಪ ತಡೆದ.

"ಬರೋಬರಿ ಅದ ಏನು?"

"ಅದ ಅಣ್ಣಾ."

"ನೀ ನೋಡೀದಿ ಅಂದ್ರ ಮುಗೀತು," ಅಂದ.

ನಾಳೆ ನನಗೆ ಆಗುವುದಿಲ್ಲ ಎಂದಿದ್ದರೆ ಅವನು ಎರಡು ದಿನ ಕಾಯುತ್ತಿದ್ದ. ಕುಬಸಕ್ಕೆ ಹೂವನ್ನೂ ತಂದುಕೊಡುತ್ತಿದ್ದ. ಅದೊಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಎಂಟು ದಿನ ಕಾರು ಚೆನ್ನಾಗಿ ಓಡಿತು. ಒಂಬತ್ತನೆಯ ದಿನ ಮಾಸ್ತರರು ಕಮಲಾಪುರಕ್ಕೆ ಹೋಗುವಾಗ ರಸ್ತೆಯ ಉಬ್ಬು ಹಾರಿಸಿದರು. ಎಂಜಿನ್ ಕುಣಿಯಿತು, ಚೇಂಬರ್ ಅಡ್ಡ ಕಬ್ಬಿಣಕ್ಕೆ ಬಡಿದು ಸೀಳಿತು. ಆಯಿಲೆಲ್ಲ ರಸ್ತೆಗೆ ಚೆಲ್ಲಿ, ಅವರು ನಿಲ್ಲಿಸುವಷ್ಟರಲ್ಲಿ ಎಂಜಿನ್ ಜಾಮ್ ಆಗಿತ್ತು. ಕಾರನ್ನು ಎಳೆಸಿಕೊಂಡು ಬಂದರು. ಅಣ್ಣ ಕೆಳಗೆ ಮಲಗಿ ಕೈಯಾಡಿಸಿದ. ಸೀಳು ಸರಿಯಾಗಿ ನಡುವೆ ಇತ್ತು.

"ನಡುವಿನ ಉಂಡಿ ಎಷ್ಟು ದಪ್ಪ ಇತ್ತವ್ವ?" ಎಂದು ಮಲಗಿದಲ್ಲಿಂದಲೇ ಕೇಳಿದ.

"ನೀನೇ ಮುಟ್ಟಿ ನೋಡಿದ್ಯಲ್ಲ ಅಣ್ಣಾ," ಅಂದೆ.

ಮಡಚಿದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಸುಡುತ್ತದೆ. ಅವನು ಸೀಳಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದ. ಆಮೇಲೆ "ಹೌದವ್ವ, ನಾನೇ ಮುಟ್ಟಿದ್ದೆ" ಅಂದ. ಮಾಸ್ತರರು ಇನ್ನೊಮ್ಮೆ ಮಾಡು ಎಂದರೂ ಒಪ್ಪಲಿಲ್ಲ. "ನನ್ನ ಕೈ ಇನ್ನ ನಂಬಬ್ಯಾಡ್ರಿ," ಅಂದುಬಿಟ್ಟ. ಆ ವಾರವೇ ಗ್ಯಾರೇಜ್ ಮುಚ್ಚಿತು.

ಆಮೇಲೆ ನಾಲ್ಕು ವರ್ಷ ಇದ್ದ. ವಾರಕ್ಕೊಮ್ಮೆ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದ. ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಭಾರೀ ತೆಳ್ಳಗ ಬಡದೀದಿ ಬಿಡವ್ವ" ಅನ್ನುತ್ತಿದ್ದ. ಪ್ರತಿ ಸಲ ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ಇವತ್ತು ಹೇಳೋಣ, ಬರುವ ವಾರ ಹೇಳೋಣ... ಹೋದ ವರ್ಷ ಅಣ್ಣ ಹೋದ.

ಹೋದ ವಾರ ಕಮಲಾಪುರಕ್ಕೆ ಹೋಗಿ ಮಾಸ್ತರರ ಬಾಗಿಲಲ್ಲಿ ನಿಂತೆ. ತಗಡಿನ ನೆರಳಲ್ಲಿ ಆ ಕಾರು ಇನ್ನೂ ಇತ್ತು, ಬಾನೆಟ್ಟಿನ ಮೇಲೆ ಕೆಂಪು ಬಾಳೆಯ ಗೊನೆ ಹಣ್ಣಿಗೆ ಇಟ್ಟಿದ್ದರು. ಅವರಿಗಾದರೂ ಹೇಳಬೇಕೆಂದು ಬಾಯಿ ತೆಗೆದೆ. ಅರ್ಧ ಹೇಳುವಷ್ಟರಲ್ಲಿ ಅವರು ಕೈ ಎತ್ತಿದರು.

"ನಿಮ್ಮ ಅಣ್ಣ ಒಮ್ಮಿ ಬಂದು ಇಲ್ಲೇ ಕೂತಿದ್ದವ್ವ. 'ಆ ಉಂಡ್ಯಾಗ ಮಡಿಕಿ ಇತ್ತರೀ ಮಾಸ್ತರ' ಅಂದ. ಮುಟ್ಟಿದ ಕೂಡ್ಲೇ ಕೈಗಿ ಹತ್ತಿತ್ತಂತ. 'ಹಿಟ್ಟು ತಾನ ಮಡಚಿಕೊಳ್ಳಂಗಿಲ್ಲಲ್ಲ. ಯಾರು ಮಡಚಿದ್ರು, ಕೇಳಬೇಕಿತ್ತಿಲ್ಲೋ' ಅಂದೆ ನಾ."

 ನಾನು ಕಾರಿನ ಮಡ್‌ಗಾರ್ಡ್ ಹಿಡಿದೆ.

"ಅವ ಏನಂದನ್ರೀ?"

"'ಕೇಳಿದ್ರ ಆಕಿ ನಮ್ಮ ಮನೀಗಿ ಬರೂದು ಬಿಡ್ತಾಳ್ರೀ' ಅಂದ."

ಅಂದರೆ ಅಣ್ಣನಿಗೆ ಗೊತ್ತಿತ್ತು. ನಾಲ್ಕು ವರ್ಷ, ಪ್ರತಿ ರೊಟ್ಟಿ ಮುಟ್ಟಿ ನೋಡುವಾಗಲೂ ಗೊತ್ತಿತ್ತು.

ಪರಾತದಲ್ಲಿನ ಹಿಟ್ಟು ಬಿರುಕು ಬಿಟ್ಟಿದೆ. ಇದನ್ನು ಇನ್ನು ಬಡಿಯಲು ಬರುವುದಿಲ್ಲ. ಒಂದು ಉಂಡೆ ತೆಗೆದು, ಒತ್ತಿ, ಮಡಚಿ, ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಹಿಡಿದು ನೋಡಿದೆ... ಮಡಿಕೆ ನನಗೂ ಕೈಗೆ ಹತ್ತಿತು.