ರಬ್ಬರಂಗಿಯ ಮೊದಲ ಮುಳುಗು

ಅರುವತ್ತನೇ ಇಸವಿಯ ಆಸುಪಾಸಿನಲ್ಲಿ ಬಂಟ್ವಾಳದ ಬಳಿ, ನೇತ್ರಾವತಿಗೆ ಇಳಿದು ಸೇತುವೆ ಕಂಬಗಳ ಬುಡ ನೋಡುವ ಕೆಲಸಕ್ಕೆ ನಾನು ಸೇರಿದ್ದೆ. ಮುಳುಗುವುದನ್ನು ಕಲಿಸುವ ಶಾಲೆ ಆಗ ಎಲ್ಲಿತ್ತು? ಹಿರಿಯ ಮುಳುಗುಗಾರ ಮೋನು ಬ್ಯಾರಿಗಳೇ ಗುರು. ಮೊದಲ ದಿನ ಅವರು ನನ್ನನ್ನು ನೀರು ಹೊಗದ ದಪ್ಪ ರಬ್ಬರಂಗಿಯೊಳಗೆ ತೂರಿಸಿ, ಗಾಳಿ ಬರುವ ತಾಮ್ರದ ಟೊಪ್ಪಿಯನ್ನು ಹೆಗಲಿಗೆ ತಿರುಪುತ್ತಿದ್ದಾಗ ನನ್ನ ಹೆಂಡತಿ ಬುತ್ತಿ ಹಿಡಿದು ಬಂದಳು. ಮದುವೆಯಾದ ಹೊಸತು. ನಮ್ಮೊಳಗಿನ ನಾಚಿಕೆ ಇನ್ನೂ ಬಿಟ್ಟಿರಲಿಲ್ಲ.

"ಅವರ ಸೊಂಟಕ್ಕೆ ಹಗ್ಗ ಯಾಕೆ?" ಎಂದು ಬ್ಯಾರಿಗಳನ್ನು ಕೇಳಿದಳು.

"ನಾವು ಒಮ್ಮೆ ಎಳೆದರೆ 'ಸೌಖ್ಯವಾ' ಅಂತ ಕೇಳಿದ ಹಾಗೆ ಅಕ್ಕ. ಅವರೂ ಒಮ್ಮೆ ಎಳೆದರೆ ಸೌಖ್ಯ."

"ಹಾಗಾದ್ರೆ ಹಗ್ಗ ನಾನು ಹಿಡೀತೇನೆ."

ಬ್ಯಾರಿಗಳು ಬೇಡವೆನ್ನಲಿಲ್ಲ, ಅವಳ ಹಿಂದೆ ತಾವೂ ಹಿಡಿದರು.

ನೀರಿನೊಳಗೆ ನಾನು ಎರಡು ಹೆಜ್ಜೆ ಇಟ್ಟಿರಲಿಲ್ಲ, ಹಗ್ಗ ಜಗ್ಗಿತು. ಉತ್ತರ ಕೊಟ್ಟೆ. ಮತ್ತೆ ಜಗ್ಗಿತು. ಮತ್ತೆ ಕೊಟ್ಟೆ. ಆ ಗಡಿಬಿಡಿಯಲ್ಲಿ ಎಡವಿ ಬಿದ್ದೆ. ಅಂಗಿಯ ಗಾಳಿಯೆಲ್ಲ ಕಾಲಿಗೆ ನುಗ್ಗಿ ತಲೆಕೆಳಗಾದೆ. ಹಗ್ಗ ಜಗ್ಗುತ್ತಲೇ ಇತ್ತು, ನನ್ನ ಕೈಗೆ ಮಾತ್ರ ಸಿಗಲಿಲ್ಲ.

ಇಬ್ಬರೂ ಸೇರಿ ನನ್ನನ್ನು ದಡಕ್ಕೆ ಎಳೆದರು. ಬ್ಯಾರಿಗಳು ಟೊಪ್ಪಿಯ ಗಾಜು ತೆಗೆದಾಗ ಅವಳು ಎದೆಮಟ್ಟ ಒದ್ದೆಯಾಗಿ ನಿಂತಿದ್ದಳು. ಎಳೆಯುತ್ತ ಎಳೆಯುತ್ತ ಹೊಳೆಗೇ ಇಳಿದಿದ್ದಳಂತೆ. ಕೈಯನ್ನು ಆ ಕಿಂಡಿಯೊಳಗೆ ಹಾಕಿ ನನ್ನ ಕೆನ್ನೆ ಮುಟ್ಟಿ ನೋಡಿದಳು.

"ದೇವರೇ! ಒಂದು ಹನಿ ನೀರಿಲ್ಲ!" ಎಂದು ನಕ್ಕಳು, ಮರುಕ್ಷಣವೇ ಅತ್ತಳು.

ಪರರ ಎದುರು ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೋನು ಬ್ಯಾರಿಗಳು ಮೆಲ್ಲಗೆ ಆಚೆ ತಿರುಗಿ ಮೋಡ ನೋಡತೊಡಗಿದರು.

ಹೊಳೆಯ ತಳ ಮುಟ್ಟಿ ಬಂದವ ನಾನು. ವಾರವಿಡೀ ಸೀನಿದ್ದು ಅವಳು.